ಟೆಂಡರ್ ಷರತ್ತು ಒಬ್ಬರಿಗೇ ಹೊಲಿದ ಹಾಗಿದೆ, ಏನು ಮಾಡಬಹುದು?

ಪೀಣ್ಯ_ಫರ್ನಿಚರ್:
ಪೀಣ್ಯ ಎರಡನೇ ಹಂತದಲ್ಲಿ ನಮ್ಮದೊಂದು ಚಿಕ್ಕ ಘಟಕ, ಶಾಲೆಗಳಿಗೆ ಡೆಸ್ಕು, ಬೆಂಚು ಮಾಡಿಕೊಡ್ತೀವಿ. ನಗರದ ಒಂದು ಸ್ಥಳೀಯ ಸಂಸ್ಥೆ ಡೆಸ್ಕಿಗೆ ಟೆಂಡರ್ ಕರೆದಿದೆ. ಸ್ಪೆಸಿಫಿಕೇಷನ್ ನೋಡಿದರೆ ಪೈಪಿನ ಗೇಜು, ಬಣ್ಣ, ಪುಸ್ತಕದ ತಟ್ಟೆಯಲ್ಲಿರೋ ತೂತಿನ ಆಕಾರ ಎಲ್ಲವೂ ಒಂದೇ ಕಂಪನಿಯ ಕ್ಯಾಟಲಾಗಿನಿಂದ ಎತ್ತಿದ್ದು. ತೂತು ದುಂಡಗಿದ್ದರೇನು, ಚೌಕವಾಗಿದ್ದರೇನು, ಮಕ್ಕಳು ಕೂತು ಬರೆಯೋದಕ್ಕೆ? ಬಿಡ್ ಹಾಕೋಕೆ ಕೊಟ್ಟ ದಿನಗಳೂ ಕಮ್ಮಿ. ಕೇಳಿದರೆ "ಅರ್ಜೆಂಟು" ಅಂತಾರೆ. ಯಾವ ಇಲಾಖೆ ಖರೀದಿ ಮಾಡಿದರೂ ದಾಟಬಾರದ ನಿಯಮ ಅಂತ ಇದೆಯಾ? ಬಿಡ್ ಹಾಕೋದಾ, ಬಿಡೋದಾ?

ನಿವೃತ್ತ_ಲೆಕ್ಕಾಧೀಕ್ಷಕ:
ಬಿಡ್ ಹಾಕಿ ಮೇಡಂ. ಕೆಟಿಪಿಪಿ ಕಾಯ್ದೆ, 1999 (ಸರ್ಕಾರಿ ಖರೀದಿಯಲ್ಲಿ ಪಾರದರ್ಶಕತೆಗಾಗಿ ಇರೋ ಕರ್ನಾಟಕದ ಕಾಯ್ದೆ) ಇದರ 16ನೇ ಕಲಂ ಪ್ರಕಾರ ಅಪೀಲು ಹಾಕೋ ಹಕ್ಕು ಇರೋದು ಟೆಂಡರುದಾರರಿಗೆ. ಟೆಂಡರ್ ಒಪ್ಪಿದ ಆದೇಶ ಕೈಸೇರಿದ 30 ದಿನದೊಳಗೆ ಹಾಕಬೇಕು. ಹೊರಗೆ ನಿಂತವರಿಗೆ ಆ ಬಾಗಿಲಿಲ್ಲ.

ರಾಜ್ಯದ ಇಲಾಖೆ, ನಿಗಮ, ಮಂಡಳಿ, ಸ್ಥಳೀಯ ಸಂಸ್ಥೆ ಎಲ್ಲರಿಗೂ ಇದೇ ಕಾಯ್ದೆ. 5ನೇ ಕಲಂ: ಟೆಂಡರ್ ಕರೆಯದೆ ಕೊಳ್ಳೋ ಹಾಗಿಲ್ಲ. ವಿನಾಯಿತಿಗಳೆಲ್ಲ 4ನೇ ಕಲಂನಲ್ಲಿವೆ. ಅಲ್ಲಿ ತುರ್ತು ಅಂದರೆ ಪ್ರಕೃತಿ ವಿಕೋಪ ಅಥವಾ ಸರ್ಕಾರವೇ ಘೋಷಿಸಿದ ತುರ್ತು ಪರಿಸ್ಥಿತಿ, ಸಾಹೇಬರ ಅವಸರ ಅಲ್ಲ. ಒಬ್ಬರ ಹತ್ತಿರ ಮಾತ್ರ ಸಿಗೋ ವಸ್ತು ಅಂತ ಬರೆಯೋದಕ್ಕೂ ಮೂವರು ತಜ್ಞರ ಸಮಿತಿ ಬೇಕು, ಅದರಲ್ಲಿ ಒಬ್ಬರು ಹೊರಗಿನ ಶೈಕ್ಷಣಿಕ, ಸಂಶೋಧನಾ ಅಥವಾ ವಾಣಿಜ್ಯೇತರ ಸಂಸ್ಥೆಯವರು. ನನ್ನ ಸರ್ವಿಸ್‌ನಲ್ಲಿ ಆಡಿಟ್‌ನವರು ಮೊದಲು ತೆರೀತಿದ್ದದ್ದೇ ಈ ಹಾಳೆ.

ಬಿಡ್ ಹಾಕೋ ಅವಧಿ ಕಡಿತದ್ದು ಇದೇ ಕಾಯ್ದೆಯ ಕೆಳಗಿನ ನಿಯಮಗಳಲ್ಲಿ 17ನೇ ನಿಯಮ. ಟೆಂಡರ್ ಕರೆದ ಅಧಿಕಾರಿ ತಾನಾಗಿ ಇಳಿಸೋ ಹಾಗಿಲ್ಲ. ಮೇಲಧಿಕಾರಿ ಕಾರಣ ಬರೆದು ಅನುಮತಿ ಕೊಡಬೇಕು. ಆ ಟಿಪ್ಪಣಿಯ ನಕಲು ಮಾಹಿತಿ ಹಕ್ಕಿನಲ್ಲಿ ಕೇಳಿ. ಫೋನಲ್ಲಿ ಮಾತ್ರ ಏನೂ ಮಾತಾಡಬೇಡಿ, ಎಲ್ಲಾ ಬರಹದಲ್ಲೇ ಇರಲಿ.

ಹೈಕೋರ್ಟ್_ಹಾದಿ:
ಮೇಲಿನವರು ಹೇಳಿದ್ದು ಸರಿ. ಕೆಟಿಪಿಪಿಗೂ ಮೇಲೆ ಸಂವಿಧಾನದ 14ನೇ ವಿಧಿ ಇದೆ, ಅದು ಕೇಂದ್ರ, ರಾಜ್ಯ ಎರಡಕ್ಕೂ. 1979ರ ರಮಣ ದಯಾರಾಮ್ ಶೆಟ್ಟಿ ಪ್ರಕರಣ ಓದಿ. ಮುಂಬೈ ವಿಮಾನ ನಿಲ್ದಾಣದ ರೆಸ್ಟೋರೆಂಟಿನ ಟೆಂಡರ್ ಅದು. ಐದು ವರ್ಷದ ಅನುಭವ ಕೇಳಿ, ಅದಿಲ್ಲದವರಿಗೇ ಕೊಟ್ಟಿದ್ದರು. ತಾನೇ ಹಾಕಿದ ಅಳತೆಗೋಲನ್ನು ಸರ್ಕಾರ ತಾನೇ ಮುರಿಯುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಆದರೂ ಅರ್ಜಿದಾರರಿಗೆ ಪರಿಹಾರ ಸಿಗಲಿಲ್ಲ. ತಡವಾಗಿ ಬಂದಿದ್ದರು, ಅಷ್ಟರಲ್ಲಿ ಗುತ್ತಿಗೆ ಪಡೆದವರು ದುಡ್ಡು ಸುರಿದಾಗಿತ್ತು. ನಿಮ್ಮ ಆಕ್ಷೇಪಣೆ ಬಿಡ್ ತೆರೆಯೋ ಮೊದಲೇ ದಾಖಲಾಗಬೇಕು ಅಂತ ನಾನು ಒತ್ತಿ ಹೇಳೋದು ಅದಕ್ಕೇ. ಇನ್ನೊಂದು, 1994ರ ಟಾಟಾ ಸೆಲ್ಯುಲರ್ ತೀರ್ಪಿನ ನಂತರ ಕೋರ್ಟ್ ನೋಡೋದು ನಿರ್ಧಾರಕ್ಕೆ ಬಂದ ರೀತಿಯನ್ನು. ಯಾರ ಡೆಸ್ಕು ಒಳ್ಳೇದು ಅನ್ನೋ ವಾದ ಅಲ್ಲಿ ನಡೆಯಲ್ಲ.

ಪೀಣ್ಯ_ಫರ್ನಿಚರ್:
ಇವತ್ತೇ ಪತ್ರ ಬರೀತೀನಿ. ಬ್ರ್ಯಾಂಡಿನ ಹೆಸರು ಅವರು ಹಾಕಿಲ್ಲ, ಅಳತೆ ಮಾತ್ರ. ಆಗಲೂ ಕೇಳಬಹುದಾ?

ನಿವೃತ್ತ_ಲೆಕ್ಕಾಧೀಕ್ಷಕ:
ಧಾರಾಳವಾಗಿ. ಕೇಂದ್ರದ ಜಿಎಫ್ಆರ್ (ಸಾಮಾನ್ಯ ಹಣಕಾಸು ನಿಯಮಗಳು) 2017ರ 144ನೇ ನಿಯಮ ವಿವರಣೆ ವಸ್ತುನಿಷ್ಠವಾಗಿ, ಸಾಮಾನ್ಯವಾಗಿ, ಅಳೆಯುವಂತೆ ಇರಬೇಕು ಅನ್ನುತ್ತೆ. ಅದು ರಾಜ್ಯಕ್ಕೆ ನೇರವಾಗಿ ಅನ್ವಯಿಸಲ್ಲ, ಆದರೂ ಪತ್ರದಲ್ಲಿ ಉಲ್ಲೇಖಿಸಿ. ತೂತಿನ ಆಕಾರದಿಂದ ಬಳಕೆಗೆ ಏನು ಪ್ರಯೋಜನ ಅಂತ ಒಂದೇ ಪ್ರಶ್ನೆ ಕೇಳಿ, ಕ್ಯಾಟಲಾಗಿನ ಪುಟ ಲಗತ್ತಿಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.