ಪೇಟೆಯ ಚರಂಡಿಗೆ ನಕ್ಷೆ ರೆಡಿ, ಪಂಚಾಯತು ಬಜೆಟಿನಲ್ಲಿ ಹಣ ಎಲ್ಲಿ ಹುಡುಕಬೇಕು?

ಕುಂಬಳೆ ಕಡೆಯವಳು:
ನಮಸ್ಕಾರ. ನಗರ ಯೋಜನೆ ಓದಿ ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಊರಿಗೆ ಬಂದಿದ್ದೇನೆ. ಮಳೆಗಾಲದಲ್ಲಿ ನಮ್ಮ ಪೇಟೆಯ ಬಸ್ ಸ್ಟಾಂಡಿನಿಂದ ಮೀನು ಮಾರ್ಕೆಟಿನವರೆಗೆ ರಸ್ತೆಯೇ ತೋಡು (ಹಳ್ಳ) ಆಗುತ್ತದೆ. ವಾರ್ಡ್ ಮೆಂಬರು ಕೇಳಿದರೆಂದು ಚರಂಡಿ, ಫುಟ್‌ಪಾತು, ಕೆಳಗಿನ ಮೋರಿ ಎಲ್ಲ ಅಳೆದು ನಕ್ಷೆ ಮಾಡಿಕೊಟ್ಟೆ. "ಚೆಂದ ಉಂಟು, ಆದರೆ ಫಂಡ್ ಇಲ್ಲ" ಅಂದರು. ಬಜೆಟ್ ಪುಸ್ತಕ ತಂದು ನೋಡಿದರೆ ಕೋಟಿಗಟ್ಟಲೆ ಲೆಕ್ಕ ಇದೆ. ಇದನ್ನು ಓದುವುದು ಹೇಗೆಂದು ಕಾಲೇಜಿನಲ್ಲಿ ಯಾರೂ ಹೇಳಿಕೊಡಲಿಲ್ಲ. ಎಲ್ಲಿಂದ ಶುರು ಮಾಡಲಿ?

ನಿವೃತ್ತ ಗುಮಾಸ್ತ, ಬದಿಯಡ್ಕ:
"ಫಂಡ್ ಇಲ್ಲ" ಅಂದವರಲ್ಲಿ ಯಾವ ಫಂಡ್ ಇಲ್ಲ ಅಂತ ಕೇಳಿ ಮಗಳೇ. ಪಂಚಾಯತಿಗೆ ಬರುವ ಹಣವೆಲ್ಲ ಒಂದೇ ಚೀಲಕ್ಕೆ ಬೀಳುವುದಲ್ಲ.

1996ರಲ್ಲಿ ಜನಕೀಯ ಯೋಜನೆ (ಊರವರೇ ಸೇರಿ ಊರಿನ ಯೋಜನೆ ಮಾಡುವ ಪದ್ಧತಿ) ಶುರುವಾದಾಗ ಕೇರಳ ಸರಕಾರ ತನ್ನ ಯೋಜನಾ ಹಣದ ಶೇ. 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟಿತು. ಆ ದಾರಿಯಲ್ಲಿ ಬರುವುದು ಪ್ಲಾನ್ ಫಂಡ್. ಹೊಸ ಚರಂಡಿ ಕಟ್ಟಲು ಅದು ಸಿಗುತ್ತದೆ. ಅದರಲ್ಲಿಯೂ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಪಾಲು ಬೇರೆ, ಅದನ್ನು ಪೇಟೆ ಚರಂಡಿಗೆ ಹಾಕಲಿಕ್ಕಾಗದು. ಇದ್ದದ್ದನ್ನು ರಿಪೇರಿ ಮಾಡಲು ಮೈಂಟೆನೆನ್ಸ್ ಫಂಡ್. ಕೇಂದ್ರ ಹಣಕಾಸು ಆಯೋಗದ ಗ್ರಾಂಟ್ ಇನ್ನೊಂದು. 15ನೇ ಆಯೋಗದ (2021–26) ಹಣದಲ್ಲಿ ಗ್ರಾಮ ಪಂಚಾಯತುಗಳಿಗೆ ಬಂದದ್ದರ ಶೇ. 60 ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ಕೊನೆಯದು ಕಟ್ಟಡ ತೆರಿಗೆ, ವೃತ್ತಿ ತೆರಿಗೆ, ಲೈಸೆನ್ಸ್ ಫೀಸು, ಅಂಗಡಿ ಕೋಣೆಗಳ ಬಾಡಿಗೆ. ಇದು ಪಂಚಾಯತಿನ ಸ್ವಂತ ದುಡ್ಡು.

ನಾನಾದರೆ ಮೊದಲು ನೋಡುವುದು ಈ ಕೊನೆಯದನ್ನು. ಹೊಸದು ಕಟ್ಟಲು ಮೇಲಿಂದ ಹಣ ಬರುತ್ತದೆ. ಪ್ರತಿ ಮೇ ತಿಂಗಳಲ್ಲಿ ಹೂಳು ತೆಗೆಯಲು ಯಾರು ಕೊಡುತ್ತಾರೆ? ಸ್ವಂತ ಆದಾಯ ಸೊರಗಿದ ಊರಲ್ಲಿ ಆಳವಾದ ಮುಚ್ಚಿದ ಚರಂಡಿ ಹಾಕಿದರೆ ಕೆಲವೇ ಮಳೆಗಾಲದಲ್ಲಿ ಮಣ್ಣು, ಪ್ಲಾಸ್ಟಿಕ್ ತುಂಬಿ ಸತ್ತುಹೋಗುತ್ತದೆ. ತೆರೆದು ಗುಡಿಸಬಹುದಾದ ಸ್ಲಾಬಿನ ಚರಂಡಿ ಬರೆಯಿರಿ.

ಇನ್ನು, ಈ ವರ್ಷದ ಅಂದಾಜನ್ನು ಮಾತ್ರ ನೋಡಿ ನಂಬಬೇಡಿ. ಪಕ್ಕದಲ್ಲೇ ಹಿಂದಿನ ವರ್ಷದ ನಿಜವಾದ ಖರ್ಚಿನ ಕಾಲಂ ಇರುತ್ತದೆ. ಎರಡರ ನಡುವಿನ ಅಂತರ ದೊಡ್ಡದಿದ್ದರೆ ಕೆಲಸಗಳು ಸ್ಪಿಲ್ ಓವರ್ ಆಗಿ, ಅಂದರೆ ಮುಗಿಯದೆ ಉಳಿದು, ಮುಂದಿನ ವರ್ಷದ ಹಣ ತಿನ್ನುತ್ತಿರಬಹುದು. ಹೊಸ ಕೆಲಸಕ್ಕೆ ಜಾಗ ಇಲ್ಲದ್ದು ಅಲ್ಲಿ ಗೊತ್ತಾಗುತ್ತದೆ.

ಪೈವಳಿಕೆಯವ:
ಒಂದು ಮಾತು ಸೇರಿಸುತ್ತೇನೆ ಅಕ್ಕ. ಆ ರಸ್ತೆ ಯಾರದ್ದು? ಪಿಡಬ್ಲ್ಯುಡಿ (ಲೋಕೋಪಯೋಗಿ ಇಲಾಖೆ) ರಸ್ತೆಯಾದರೆ ಅವರ ಒಪ್ಪಿಗೆ ಇಲ್ಲದೆ ಪಂಚಾಯತು ಅಗೆಯುವ ಹಾಗಿಲ್ಲ. ಪಂಚಾಯತಿದ್ದೇ ಆದರೂ ಆಸ್ತಿ ರಿಜಿಸ್ಟರಿನಲ್ಲಿ ಏರಿದೆಯಾ ನೋಡಿ. ಏರದಿದ್ದರೆ ಮೈಂಟೆನೆನ್ಸ್ ಹಣಕ್ಕೆ ಕೇಳಿ ಪ್ರಯೋಜನ ಇಲ್ಲ.

ಕುಂಬಳೆ ಕಡೆಯವಳು:
ತುಂಬಾ ಉಪಕಾರ. ಬಸ್ ಸ್ಟಾಂಡಿನ ಎದುರಿನದು ಪಿಡಬ್ಲ್ಯುಡಿಯದ್ದು, ಮಾರ್ಕೆಟಿನ ಒಳರಸ್ತೆ ಪಂಚಾಯತಿದ್ದು. ಹಾಗಾದರೆ ಕೆಲಸವನ್ನು ಎರಡು ತುಂಡು ಮಾಡಬೇಕಲ್ಲ? ಮಾರ್ಚಿನಲ್ಲಿ ಬಜೆಟ್ ಮಂಡಿಸುವ ಹೊತ್ತಿಗೆ ಕೊಟ್ಟರೆ ಸಾಕಾ?

ನಿವೃತ್ತ ಗುಮಾಸ್ತ, ಬದಿಯಡ್ಕ:
ಮಾರ್ಚಿಗೆ ತಡವಾಯಿತು. ಗ್ರಾಮಸಭೆ, ಕಾರ್ಯಸಮಿತಿ, ವಿಕಸನ ಸೆಮಿನಾರು (ಅಭಿವೃದ್ಧಿ ಕೆಲಸಗಳ ಚರ್ಚಾಸಭೆ) ದಾಟಿ ಜಿಲ್ಲಾ ಯೋಜನಾ ಸಮಿತಿಯ ಅಂಗೀಕಾರ ಆಗಬೇಕು. ಗ್ರಾಮಸಭೆಯಲ್ಲೇ ಈ ಕೆಲಸ ಪಟ್ಟಿಗೆ ಬರಬೇಕು. ಮಾರ್ಕೆಟಿನ ವ್ಯಾಪಾರಿಗಳನ್ನೂ ಮೀನು ಮಾರುವ ಹೆಂಗಸರನ್ನೂ ಕರೆದುಕೊಂಡು ಹೋಗಿ. ನೀರಲ್ಲಿ ನಿಲ್ಲುವವರು ಅವರು, ಅವರೇ ಮಾತಾಡಲಿ.

ತುಂಡು ಮಾಡುವುದು ಸರಿ. ಆದರೆ ಮೊದಲ ತುಂಡು ಕೆಳಗಿನ ಮೋರಿಯಿಂದ ತೋಡಿಗೆ ಸೇರುವ ಭಾಗವಾಗಿರಲಿ. ಮೇಲಿನದು ಮೊದಲು ಕಟ್ಟಿ ಎರಡನೇ ವರ್ಷ ಹಣ ಬಾರದೇ ಹೋದರೆ ನೀರೆಲ್ಲ ಮಾರ್ಕೆಟಿಗೇ ನುಗ್ಗುತ್ತದೆ. ಹಣಕಾಸು ಸ್ಥಾಯಿ ಸಮಿತಿಯ ಅಧ್ಯಕ್ಷರು ವೈಸ್ ಪ್ರೆಸಿಡೆಂಟರೇ. ಅವರಲ್ಲಿ ಈಗಲೇ ಮಾತಾಡಿ, ಎಸ್ಟಿಮೇಟನ್ನು ಎರಡು ಭಾಗವಾಗಿಯೇ ಕೊಡಿ.