‘ನಕಲಿ’ ಅಲ್ಲ, ‘ಡೂಪ್ಲಿಕೇಟ್’ ಕೂಡ ಅಲ್ಲ: ಈ ಕಾರ್ಡಿಗೆ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ. ಪುಣೆಯಿಂದ ಬರೆಯುತ್ತಿದ್ದೇನೆ. ಒಂದು ಪದ ಬೇಕಾಗಿದೆ.

ಮುಂಬೈಯ ಮಾಟುಂಗಾದಲ್ಲಿ ಮೂವತ್ತು ವರ್ಷ ಇದ್ದ ನಮ್ಮ ಸೋದರಮಾವ ಕುಂದಾಪುರಕ್ಕೆ ಹೊರಡುವಾಗ, ಆಟಗಾರರ ಕಾರ್ಡುಗಳ ಆಲ್ಬಂ ಒಂದನ್ನು ನನ್ನ ಕೈಗಿಟ್ಟರು. ಬಬಲ್ ಗಮ್ ಜೊತೆ ಸಿಗುತ್ತಿದ್ದ ಕ್ರಿಕೆಟ್ ಕಾರ್ಡುಗಳು, ಅಮೆರಿಕದಿಂದ ಯಾರೋ ತಂದುಕೊಟ್ಟ ಬೇಸ್‌ಬಾಲ್ ಕಾರ್ಡುಗಳು. ವಿಂಗಡಿಸಿ ಲಕೋಟೆಗೆ ಹಾಕಿ, ಮೇಲೆ ಕನ್ನಡದಲ್ಲೇ ಚೀಟಿ ಅಂಟಿಸೋಣ ಅಂತ ಕೂತೆ. ಹನ್ನೊಂದು ಕಾರ್ಡುಗಳ ಹತ್ತಿರ ಬಂದು ಸಿಕ್ಕಿಕೊಂಡೆ. ಹಿಂಬದಿ ಖಾಲಿ. ಕಂಪನಿ ಹೆಸರಿಲ್ಲ, ಇಸವಿ ಇಲ್ಲ, ನಂಬರ್ ಇಲ್ಲ, ಹಕ್ಕುಸ್ವಾಮ್ಯದ ಸಾಲೂ ಇಲ್ಲ. ಫೋಟೋ ಮಾತ್ರ ಚೆನ್ನಾಗಿದೆ.

ಮಾವನಿಗೆ ಫೋನ್ ಮಾಡಿದರೆ “ಅವೆಲ್ಲ ಡೂಪ್ಲಿಕೇಟ್ ಮಾರಾಯ” ಅಂದರು. ಯಾವ ಡೂಪ್ಲಿಕೇಟ್? ಕಾರ್ಡು ಕೂಡಿಡುವ ಹುಡುಗರಿಗೆ ಡೂಪ್ಲಿಕೇಟ್ ಅಂದರೆ ಒಂದೇ ಕಾರ್ಡು ಎರಡು ಸಲ ಬಂದದ್ದು, ಗೆಳೆಯನ ಹತ್ತಿರ ಬದಲಾಯಿಸಿಕೊಳ್ಳಲು ಇಟ್ಟದ್ದು. ಅಂಗಡಿಯಲ್ಲಿ ಅದೇ ಮಾತು ಮೋಸದ ಮಾಲಿಗೆ. ಬೀಗದ ವಿಷಯಕ್ಕೆ ಬಂದರೆ ಸುಮ್ನೆ ಇನ್ನೊಂದು ಕೀ.

‘ನಕಲಿ’ ಅನ್ನೋಣವೆಂದರೆ ಎಲ್ಲೋ ಒಂದು ಅಸಲಿ ಇರಬೇಕಲ್ಲ. 1909–11ರಲ್ಲಿ ಅಮೆರಿಕದ ಸಿಗರೇಟು ಪ್ಯಾಕುಗಳಲ್ಲಿ ಬಂದ ಸರಣಿಯಲ್ಲಿ ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್ ಕಾರ್ಡು ಬಹಳ ದುಬಾರಿ. ಅದನ್ನು ಇವತ್ತು ಅಚ್ಚು ಹಾಕಿ ಹಳೆಯದೆಂದು ಮಾರಿದರೆ ನಕಲಿ. ಮರುಮುದ್ರಣ ಎಂದು ಹಿಂದೆ ಬರೆದೇ ಮಾರಿದರೆ ಬರೀ ನಕಲು. ತಹಶೀಲ್ದಾರ್ ಕಚೇರಿಯ ನಕಲಿಗೆ ಸೀಲೇ ಬೀಳುತ್ತದೆ ಅಲ್ವಾ! (ನೋಡಿ, ‘ನಕಲಿಗೆ’ ಅಂತ ವಿಭಕ್ತಿ ಹಚ್ಚಿದ ಕೂಡಲೇ ಎರಡೂ ಒಂದೇ ಆಗಿಬಿಟ್ಟವು.) ನನ್ನ ಕೈಲಿರುವುದಕ್ಕೆ ಅಸಲಿಯೇ ಇಲ್ಲ. ಯಾರೋ ಫೋಟೋ ಹಿಡಿದು, ಯಾರನ್ನೂ ಕೇಳದೆ ಹೊಸದಾಗಿ ಅಚ್ಚು ಹಾಕಿದ್ದಾರೆ, ಅಷ್ಟೇ.

ಇಂಥದ್ದಕ್ಕೆ ಅಮೆರಿಕದವರು ‘ಬ್ರೋಡರ್’ ಅನ್ನುತ್ತಾರೆ. 1980ರ ದಶಕದಲ್ಲಿ ಹೀಗೆ ಕಾರ್ಡು ಮಾಡಿದವರ ಮನೆತನದ ಹೆಸರು ಅದು. ಆಮೇಲೆ ಯಾರೇ ಮಾಡಿರಲಿ, ಎಲ್ಲವೂ ಬ್ರೋಡರ್. ನಮ್ಮಲ್ಲಿ ವನಸ್ಪತಿಯೆಲ್ಲ ಡಾಲ್ಡಾ ಆದ ಹಾಗೆ, ಅಂಕಿತನಾಮ ರೂಢನಾಮವಾಯಿತು.

‘ಪರವಾನಗಿ ಇಲ್ಲದ’ ಎಂದು ಬರೆದು ಮುಗಿಸಬಹುದಿತ್ತು. ಆದರೆ ಪರವಾನಗಿ ಒಂದಲ್ಲ, ಎರಡು. ತಂಡದ ಹೆಸರು, ಲಾಂಛನ ಹಾಕಲು ಲೀಗಿನ ಒಪ್ಪಿಗೆ ಬೇಕು; ಆಟಗಾರನ ಮುಖ ಹಾಕಲು ಆಟಗಾರರ ಸಂಘದ್ದು. 2010ರಿಂದ ಅಮೆರಿಕದ ದೊಡ್ಡ ಬೇಸ್‌ಬಾಲ್ ಲೀಗಾದ ಮೇಜರ್ ಲೀಗ್ ಬೇಸ್‌ಬಾಲ್ ತನ್ನ ಕಾರ್ಡಿನ ಹಕ್ಕನ್ನು ಟಾಪ್ಸ್ ಕಂಪನಿಯೊಂದಕ್ಕೇ ಕೊಟ್ಟಿತು. ಪನೀನಿ ಎಂಬ ಇನ್ನೊಂದು ಕಂಪನಿಯವರು ಆಟಗಾರರ ಸಂಘದ ಒಪ್ಪಿಗೆ ಮಾತ್ರ ಪಡೆದು ಕಾರ್ಡು ತಂದರು. ಅವುಗಳಲ್ಲಿ ಆಟಗಾರನ ಟೋಪಿ ಮೇಲೆ ಏನೂ ಇರುವುದಿಲ್ಲ, ಲಾಂಛನ ಅಳಿಸಿರುತ್ತಾರೆ. ಕಾರ್ಡಿನವರ ಭಾಷೆಯಲ್ಲಿ ಇದೂ ಪರವಾನಗಿ ಇಲ್ಲದ್ದೇ. ಆದರೆ ಕಾನೂನಿನ ತಪ್ಪೇನಿಲ್ಲ. ‘ಅನಧಿಕೃತ’ ಅಂದರೆ ಸುಮ್ನೆ ಅಪವಾದ ಹೊರಿಸಿದಂತೆ. ಆಲ್ಬಂನಲ್ಲಿ ಇಂಥವು ಎರಡಿವೆ. ಅವಕ್ಕೆ ನಾನೇ ‘ಬೋಳು ಕಾರ್ಡು’ ಅಂತ ಹೆಸರಿಟ್ಟೆ. ತಕರಾರಿದ್ದರೆ ಹೇಳಿ.

ಹಿಂಬದಿ ಖಾಲಿಯಿದ್ದ ಆ ಹನ್ನೊಂದನ್ನು ಒಂದು ಭಾನುವಾರ ಇಲ್ಲಿನ ಹಳೆ ಸಾಮಾನಿನ ಸಂತೆ, ಜುನಾ ಬಜಾರಿಗೆ ಒಯ್ದೆ. ಹಳೆ ನಾಣ್ಯ ಮಾರುವವರೊಬ್ಬರು ತಿರುಗಿಸಿ ನೋಡಿ “ಹೇ ಬೇವಾರಸ್ ಆಹೇತ್” ಅಂದರು. ಕರಾವಳಿಯ ಕಿವಿಗೆ ಕಪಾಳಕ್ಕೆ ಹೊಡೆದಂತಾಯಿತು! ಮರಾಠಿಯಲ್ಲಿ ಅದು ಬೈಗುಳವಲ್ಲ. ಬೀದಿಯಲ್ಲಿ ಬಿಟ್ಟುಹೋದ ಸ್ಕೂಟರಿಗೆ ಪಾಲಿಕೆಯವರೇ ‘ಬೇವಾರಸ್ ವಾಹನ’ ಅನ್ನುತ್ತಾರೆ. ನಮ್ಮ ‘ವಾರಸುದಾರ’ದ ವಾರಸು, ಅದರ ಹಿಂದೆ ಬೇನಾಮಿ, ಬೇಜವಾಬ್ದಾರಿಗಳಲ್ಲಿ ಇರುವ ‘ಬೇ’. ಅರ್ಥ ಎಷ್ಟು ಸರಿ ಕೂರುತ್ತದೆ! ಆದರೆ ಮಾವನ ಆಲ್ಬಂ ಮೇಲೆ ‘ಬೇವರ್ಸಿ’ ಅಂತ ಬರೆಯುವ ಧೈರ್ಯ ನನಗಿಲ್ಲ.

ನನಗೆ ಹೊಳೆದದ್ದು ‘ಕಳ್ಳಅಚ್ಚು’. ಕಳ್ಳಬಟ್ಟಿ ಸಾರಾಯಿ ನಕಲಿ ಸಾರಾಯಿಯಲ್ಲ. ಸಾರಾಯಿಯೇ ಸರಿ, ಲೈಸೆನ್ಸ್ ಇಲ್ಲ ಅಷ್ಟೇ. ಹಾಗೇ ಇದು. ತೊಡಕೇನೆಂದರೆ ‘ಕಳ್ಳನೋಟು’ ಅನ್ನುವಾಗ ಅದೇ ಕಳ್ಳ ಪೂರಾ ಖೋಟಾ ಆಗುತ್ತಾನೆ. ಓದುವವರು ಯಾವ ಕಳ್ಳನನ್ನು ನೆನಪಿಸಿಕೊಳ್ಳುತ್ತಾರೆ?

ನಿಮ್ಮೂರಲ್ಲಿ ಹುಡುಗರು ಕಂಪನಿ ಹೆಸರಿಲ್ಲದ ಕಾರ್ಡಿಗೆ, ಸ್ಟಿಕ್ಕರಿಗೆ ಏನಾದರೂ ಹೆಸರಿಟ್ಟಿದ್ದರೇ? ಬೆಳಗಾವಿ, ಧಾರವಾಡದ ಕಡೆಯವರಿದ್ದರೆ ದಯವಿಟ್ಟು ಹೇಳಿ. ಸದ್ಯಕ್ಕೆ ಲಕೋಟೆಯ ಮೇಲೆ ಪೆನ್ಸಿಲ್‌ನಲ್ಲಿ ‘ಕಳ್ಳಬಟ್ಟಿ, 11’ ಎಂದಿದೆ. ಮನೆಯವಳು ಅದನ್ನು ಓದಿ ಕಪಾಟು ತಡಕಾಡಿದ್ದೂ ಆಯಿತು.