ಸಹಾಯ ಬೇಕು: ಮಗನಿಗೆ ಎಂಟು ತುಂಬಿತು, ಶಾಲಾ ಬಸ್ಸಿನ ಸೀಟು ಹೋಯಿತು

ನಮಸ್ಕಾರ. ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿರುವ ಕನ್ನಡಿಗರು ಯಾರಾದರೂ ಈ ತೊಡಕನ್ನು ದಾಟಿದ್ದರೆ ದಯವಿಟ್ಟು ದಾರಿ ತೋರಿಸಿ.

ಇಲ್ಲಿನ ನಿಯಮದಂತೆ ಹತ್ತಿರದ ಸೂಕ್ತ ಶಾಲೆಯು ಎಂಟು ತುಂಬದವರಿಗೆ 2 ಮೈಲಿಗಿಂತ, ತುಂಬಿದವರಿಗೆ 3 ಮೈಲಿಗಿಂತ ದೂರವಿದ್ದರೆ ಬಸ್ ಉಚಿತ. ನಮ್ಮದು 2.7 ಮೈಲಿ. ಹುಟ್ಟುಹಬ್ಬದ ಕೇಕ್ ಮುಗಿಯುವ ಮೊದಲೇ ಸ್ಥಳೀಯ ಆಡಳಿತದ ಪತ್ರ ಬಂತು: ಈ ಅವಧಿಯ ನಂತರ ಅರ್ಹತೆ ಇಲ್ಲ.

ಅಳತೆಯ ಬಗ್ಗೆ ನನಗೆ ತಕರಾರಿಲ್ಲ, ದಾರಿಯ ಬಗ್ಗೆ ಇದೆ. ಅರ್ಧ ಮೈಲಿಯುದ್ದಕ್ಕೂ ಪಾದಚಾರಿ ಮಾರ್ಗವೇ ಇಲ್ಲ. ಎರಡೂ ಕಡೆ ಆಳೆತ್ತರದ ಬೇಲಿ. ಶನಿವಾರ ಮಗನೊಂದಿಗೆ ನಡೆದು ನೋಡಿದೆ. ಟ್ರ್ಯಾಕ್ಟರ್ ಬಂದಾಗ ಇಬ್ಬರೂ ಬೇಲಿಗೆ ಬೆನ್ನೊತ್ತಿ ನಿಂತೆವು. ಮನೆಗೆ ಬಂದು ಅವನ ಸ್ವೆಟರಿನಿಂದ ಮುಳ್ಳು ಕಿತ್ತೆ. ಆಡಳಿತದವರ ಪ್ರಕಾರ ದೊಡ್ಡವರು ಜೊತೆಗಿದ್ದರೆ ಈ ದಾರಿ ಸುರಕ್ಷಿತವಂತೆ. ಆ ದೊಡ್ಡವಳು ಏಳೂವರೆಗೇ ಪಾಳಿಗೆ ಹೊರಟಿರುತ್ತಾಳೆ ಎಂಬುದು ಅವರ ಲೆಕ್ಕಕ್ಕೆ ಬರುವುದಿಲ್ಲ.

ಹಣ ಕಟ್ಟಿ ಉಳಿಕೆ ಸೀಟು ಪಡೆಯಬಹುದು. ಆದರೆ ಅರ್ಹ ಮಗು ಬಂದರೆ ಬಿಟ್ಟುಕೊಡಬೇಕು. ಬಸ್ಸಿನಲ್ಲಿ ದಿನವೂ ಒಂಬತ್ತು ಸೀಟು ಖಾಲಿ ಎಂದು ಮಗನೇ ಎಣಿಸಿದ್ದಾನೆ. ಆದರೂ ನಾವು ಕಾಯುವ ಪಟ್ಟಿಯಲ್ಲಿದ್ದೇವೆ!

ಮೇಲ್ಮನವಿಗೆ ಕೊಟ್ಟ 20 ಕೆಲಸದ ದಿನಗಳಲ್ಲಿ ಹನ್ನೆರಡು ಉಳಿದಿವೆ. ದಾರಿ ಅಪಾಯಕಾರಿ ಎಂಬ ವಾದದಲ್ಲಿ ಗೆದ್ದವರಿದ್ದೀರಾ? ಫೋಟೊ ಸಾಕೇ, ಬೆಳಗಿನ ವಾಹನಗಳನ್ನೂ ಎಣಿಸಿ ಕೊಡಬೇಕೇ? ಈ ನಡುವೆ ಉಳಿಕೆ ಸೀಟು ಸಿಕ್ಕಿ ಹಣ ಕಟ್ಟಿದರೆ ಮನವಿಯ ಬಲ ಕುಗ್ಗುತ್ತದೆಯೇ? ನನ್ನನ್ನು ಹೆಚ್ಚು ಕಾಡುತ್ತಿರುವುದು ಈ ಕೊನೆಯ ಪ್ರಶ್ನೆ.